ಕಟ್ಟಿದವರೇ ಬಿಚ್ಚಬೇಕು

ನಮ್ಮ ಊರಿನಲ್ಲಿ ಕಾಲ ಸಮೀಪಿಸಿದವರು ಹಗುರಾಗುತ್ತಾರೆ. ಸೊರಗಿ ಹಗುರಾಗುವುದು ಎಲ್ಲ ಊರುಗಳಲ್ಲೂ ಇರುವುದೇ. ನಮ್ಮಲ್ಲಿ ಮೈ ಇದ್ದ ಹಾಗೇ ಇರುತ್ತದೆ, ಕೆನ್ನೆ ಇಳಿಯುವುದಿಲ್ಲ, ಬಳೆ ಸಡಿಲಾಗುವುದಿಲ್ಲ, ತೂಕ ಮಾತ್ರ ದಿನಕ್ಕಿಷ್ಟರಂತೆ ಹೋಗುತ್ತದೆ. ಮೊದಲು ಹೊರಸು ಕಿರುಗುಟ್ಟುವುದು ನಿಲ್ಲುತ್ತದೆ. ಆಮೇಲೆ ಅಂಗಳದ ಹಸಿಮಣ್ಣಿನ ಮೇಲೆ ಹೆಜ್ಜೆ ಮೂಡುವುದಿಲ್ಲ. ಕೊನೆಕೊನೆಗೆ ಗಾಳಿ ಬೀಸಿದರೆ ಹಾಸಿಗೆಯಿಂದ ಗೇಣು ಮೇಲೆದ್ದು ಮತ್ತೆ ಇಳಿಯುತ್ತಾರೆ. ಹೀಗಾಗಿ ನಮ್ಮ ಊರಿನ ಕಿಟಕಿಗಳಿಗೆಲ್ಲ ಒತ್ತಾದ ಸರಳುಗಳಿವೆ. ಆಷಾಢದ ಗಾಳಿ ಶುರುವಾಯಿತೆಂದರೆ ಹಗುರಾದವರಿರುವ ಮನೆಯವರು ಕದ ಮುಂದೆ ಮಾಡಿಕೊಳ್ಳುತ್ತಾರೆ.

ಯಾರಾದರೂ ಹಗುರಾದರೆಂದು ತಿಳಿದರೆ ಬಂಧುಗಳೂ ನೆರೆಯವರೂ ತಮ್ಮ ಹಳೆಯ ಬಟ್ಟೆಯನ್ನೇ ಹರಿದು ಗೇಣುದ್ದದ ಚೀಲ ಹೊಲಿದು, ಸೇರು ಜೋಳ ತುಂಬಿ ತರುತ್ತಾರೆ. ಅದನ್ನು ಹಗುರಾದವರ ನಡುಪಟ್ಟಿಗೆ ಕಟ್ಟುವಾಗ, ಏತಕ್ಕಾಗಿ ಅವರು ಇರಬೇಕೆಂಬುದನ್ನು ಬಾಯಿಬಿಟ್ಟು ಹೇಳುತ್ತಾರೆ. ಮೊಮ್ಮಗನ ಮದುವೆ ನೋಡುವ ತನಕ ಇರು, ನಾನು ಕಾಶಿಯಿಂದ ಬರುವ ತನಕ ಇರು, ಹೀಗೆ. ಭಾರವಿರುವಷ್ಟು ದಿನ ಉಸಿರಿರುತ್ತದೆ ಎಂಬುದು ಹಿರಿಯರ ಮಾತು. ಕಟ್ಟಿದವರೇ ಬಿಚ್ಚಬೇಕು, ಬೇರೆಯವರು ಬಿಚ್ಚಿದರೆ ಇಬ್ಬರಿಗೂ ಒಳಿತಲ್ಲ ಎಂಬುದು ಇನ್ನೊಂದು ಮಾತು. ಆದರೆ ನಾನು ಕಂಡಂತೆ ಯಾರೂ ಬಿಚ್ಚಲು ಹೋಗುತ್ತಿರಲಿಲ್ಲ. ಎಷ್ಟು ಚೀಲ ಬಿದ್ದಿದ್ದರೂ ಹೋಗುವವರು ಅವುಗಳ ಕೆಳಗಿನಿಂದಲೇ ಹೋಗುತ್ತಿದ್ದರು. ಆಮೇಲೆ ಜೋಳವನ್ನು ಗುಬ್ಬಿಗಳಿಗೆ ಚೆಲ್ಲುತ್ತಿದ್ದರು.

ಮುರಿಗೆವ್ವ ನಮ್ಮ ಮನೆಯ ಹಿರಿಸೊಸೆ, ನಾನು ಕಿರಿಸೊಸೆ, ಅಣ್ಣತಮ್ಮಂದಿರ ಹೆಂಡಂದಿರು. ನಾನು ಆ ಮನೆಗೆ ಬಂದಾಗ ನನಗೆ ಹದಿನಾರು, ಆಕೆಗೆ ಇಪ್ಪತ್ತೆರಡು. ಅಣ್ಣತಮ್ಮಂದಿರಿಬ್ಬರೂ ಎರಡು ವರ್ಷದೊಳಗೆ ಒಬ್ಬರ ಹಿಂದೊಬ್ಬರು ಶಿವನ ಪಾದ ಸೇರಿದ ಮೇಲೆ ಹೊಟ್ಟೆಪಾಡಿಗೆಂದು ಪಡಸಾಲೆಯಲ್ಲಿ ಖಾನಾವಳಿ ಇಟ್ಟೆವು. ಮೂವತ್ತೊಂದು ವರ್ಷ ಒಂದೇ ಒಲೆಯ ಎರಡು ಮಗ್ಗುಲಿಗೆ ಕೂತೆವು. ಆಕೆ ರೊಟ್ಟಿ ತಟ್ಟುವುದು, ನಾನು ಬೇಯಿಸುವುದು. ಆಕೆಗೆ ಒಬ್ಬಳೇ ಮಗಳು, ಸುಲೋಚನಾ. ಅದೇ ಊರಿನ ಕೆಳಗಿನ ಓಣಿಗೆ ಕೊಟ್ಟದ್ದು. ನನಗೆ ಮಕ್ಕಳಾಗಲಿಲ್ಲ. ನನಗಿದ್ದದ್ದು ಆಕೆಯೇ. ಇದನ್ನು ಆಕೆಯ ಮುಂದೆ ಎಂದೂ ಆಡಿರಲಿಲ್ಲ. ಆಡಿದ್ದರೆ, “ಏ ಸಾತೀ, ಒಲಿ ಕಡೆ ನೋಡು, ರೊಟ್ಟಿ ಸೀದು ಹೊಂಟೈತಿ” ಎನ್ನುತ್ತಿದ್ದಳು.

ರೊಟ್ಟಿ ತಟ್ಟುವುದು ಕೈಯ ಕೆಲಸವೆಂದು ನೋಡುವವರು ತಿಳಿಯುತ್ತಾರೆ. ಮೈಯ ಭಾರ ಹೆಗಲಿನಿಂದ ಅಂಗೈಗೆ ಇಳಿದರೆ ಮಾತ್ರ ಹಿಟ್ಟು ಹರಡುತ್ತದೆ. ಯುಗಾದಿ ಕಳೆದ ಮೇಲೆ ಒಂದು ಮುಂಜಾನೆ ಆ ಸದ್ದು ಬದಲಾದದ್ದು ನನಗೆ ಕೇಳಿಸಿತು. ಧಪಧಪ ಎನ್ನುತ್ತಿದ್ದದ್ದು ಮಗುವಿನ ಬೆನ್ನು ತಟ್ಟಿದಂತೆ ಮೆತ್ತಗಾಗಿತ್ತು. ರೊಟ್ಟಿ ನಡುವೆ ದಪ್ಪ ಉಳಿದು ಅಂಚು ಒಡೆಯುತ್ತಿತ್ತು. ಆಕೆ ನನ್ನ ಮುಖ ನೋಡಿದಳು, ನಾನು ಹಿಟ್ಟು ನೋಡಿದೆ. ಗಿರಣಿಯವನು ಹಳೆಯ ಜೋಳ ಬೀಸಿದ್ದಾನೆ, ಹಿಟ್ಟಿಗೆ ಜಿಗುಟಿಲ್ಲ ಎಂದೆ. ಆಕೆ ಹೌದೆಂದಳು. ನಾಲ್ಕು ದಿನ ಪಾಪ ಆ ಗಿರಣಿಯವನನ್ನು ಬೈದೆ. ಐದನೆಯ ದಿನ ಆಕೆ ಹಿಟ್ಟಿನ ಪರಾತವನ್ನು ನನ್ನ ಕಡೆ ಸರಿಸಿ, ತಾನು ಎದ್ದು ನನ್ನ ಜಾಗಕ್ಕೆ ಬಂದು ಕೂತಳು. ಊಟಕ್ಕೆ ಬಂದವರು ನಾನು ತಟ್ಟಿದ ಒರಟು ರೊಟ್ಟಿಯನ್ನು ಏನೂ ಅನ್ನದೆ ತಿಂದು ಎದ್ದುಹೋದರು.

ಗುಟ್ಟು ಎಷ್ಟು ದಿನ ನಿಂತೀತು? ಸುಲೋಚನಾ ಹಬ್ಬದ ಕಡಬು ಕೊಡಲು ಬಂದವಳು ತಾಯಿಯನ್ನು ತಬ್ಬಿಕೊಂಡಳು, ತಬ್ಬಿದ ರಭಸಕ್ಕೆ ಮುರಿಗೆವ್ವನ ಕಾಲು ನೆಲ ಬಿಟ್ಟಿತು. ಸಂಜೆಯೊಳಗೆ ಮಗಳು ತನ್ನ ಚೀಲ ತಂದು ಕಟ್ಟಿದಳು. ತನ್ನ ಮಗಳು ಪಾರ್ವತಿ ಬಸುರಿ, ಶ್ರಾವಣದಲ್ಲಿ ಹೆರಿಗೆ, ಅಲ್ಲಿಯ ತನಕ ಅಜ್ಜಿ ಇರಬೇಕೆಂದು ಹೇಳಿ ಬಿಗಿದಳು. ವಾರದೊಳಗೆ ಹನ್ನೊಂದು ಚೀಲಗಳಾದವು. ಮುರಿಗೆವ್ವ ಹೊರಸು ಹಿಡಿದಳು. ಬಂದವರೆಲ್ಲ ಒಂದೇ ಮಾತು ಆಡುತ್ತಿದ್ದರು. ಏನೂ ಆಗುವುದಿಲ್ಲ, ಧೈರ್ಯದಿಂದಿರು. ಹೇಳಿ, ಚೀಲ ಕಟ್ಟಿ, ಕಣ್ಣೊರೆಸಿಕೊಂಡು ಹೋಗುತ್ತಿದ್ದರು.

ನಾನು ಮಾಡಿದ್ದು ಇನ್ನೊಂದು ರೀತಿ. ಎಲ್ಲರ ಮುಂದೆ ಚೀಲ ಕಟ್ಟಲಿಲ್ಲ, ಏಕೆಂದರೆ ಕಟ್ಟುವಾಗ ಕಾರಣ ಹೇಳಬೇಕು. ನನ್ನ ಕಾರಣ ಹೇಳುವಂಥದಾಗಿರಲಿಲ್ಲ. ಆಕೆಯ ಸೀರೆ ಒಗೆಯಲು ಒಯ್ದಾಗ ಅಂಚು ಮಡಚಿ, ಒಳಗೆ ಉದ್ದಕ್ಕೂ ಜೋಳ ತುಂಬಿ, ಸಣ್ಣ ಹೊಲಿಗೆ ಹಾಕಿದೆ. ಎರಡು ಸೀರೆಗಳಿಗೂ ಹಾಕಿದೆ. ಆಮೇಲೆ ದೇವರ ಮುಂದೆ ಕೂತು ವಿಭೂತಿ ಹಚ್ಚಿಕೊಂಡಾಗ ಮಾಡಿದ್ದು ತಪ್ಪೆನಿಸಿತು. ಆದರೂ ಬಿಚ್ಚಲಿಲ್ಲ.

ಒಂದು ಮಧ್ಯಾಹ್ನ ಉಂಡವರೆಲ್ಲ ಹೋದ ಮೇಲೆ ಆಕೆಯ ಹತ್ತಿರ ಕೂತು ಕಾಲು ಒತ್ತುತ್ತಿದ್ದೆ. ಆಕೆ ಮೇಲಿನ ಜಂತಿಯನ್ನೇ ನೋಡುತ್ತ, ತನಗೆ ಅಂಜಿಕೆಯಾಗುತ್ತದೆ ಎಂದಳು. ನಾನು ತಡಮಾಡಲಿಲ್ಲ. ಹಾಗೆಲ್ಲ ಅನ್ನಬಾರದು, ಶಿವನಿದ್ದಾನೆ, ಇಷ್ಟು ವರ್ಷ ಪೂಜೆ ಮಾಡಿದವಳು ಹೀಗೆ ಅಂದರೆ ಹೇಗೆ ಎಂದು ಒಂದೇ ಉಸಿರಿಗೆ ಹೇಳಿಬಿಟ್ಟೆ. ಒಳ್ಳೆಯ ಮಾತು ಹೇಳಿದೆನೆಂದು ನನಗೆ ಸಮಾಧಾನವೂ ಆಯಿತು. ಆಕೆ ಗೋಡೆಯ ಕಡೆ ಹೊರಳಲು ನೋಡಿದಳು, ಆಗಲಿಲ್ಲ, ಚೀಲಗಳು ಎಳೆದು ಹಿಡಿದವು. ಅರ್ಧ ಎದ್ದ ಭುಜ ಮತ್ತೆ ಹಾಸಿಗೆಗೆ ಬಿತ್ತು. ಕಣ್ಣು ಮಾತ್ರ ಗೋಡೆಯ ಕಡೆ ತಿರುಗಿತು.

ಗೋಡೆ ನೋಡುತ್ತಲೇ ಕೇಳಿದಳು. “ಸಾತೀ, ಈ ಹನ್ನೊಂದರಾಗ ನಂದೊಂದರ ಐತೇನು?”

ನನಗೆ ತಿಳಿಯಲಿಲ್ಲ. ಎಲ್ಲ ನಿನ್ನ ಸಲುವಾಗಿಯೇ ಕಟ್ಟಿದ್ದಲ್ಲವೇ ಅಕ್ಕ ಎಂದೆ.

“ಒಬ್ಬಾಕಿಗೆ ಮಗಳ ಹೆರಿಗಿ, ಒಬ್ಬಾಕಿಗೆ ಸೊಸಿ ಅಡಗಿ ಕಲೀಬೇಕು, ಒಬ್ಬಾಂವಗ ಏನೋ ಜಗಳ ಮುಗೀಬೇಕು. ಎಲ್ಲಾರ್ದೂ ಐತಿ. ನನ್ನ ಯಾರೂ ಕೇಳವಲ್ರು.”

ಹಾಗಾದರೆ ನಿನಗೇನು ಬೇಕು ಎಂದು ಆಗ ಕೇಳಿದೆ. ಐವತ್ತೆರಡು ವರ್ಷದಲ್ಲಿ ಆ ಮಾತನ್ನು ಆಕೆಯೇ ನನಗೆ ದಿನಾ ಕೇಳುತ್ತಿದ್ದಳು, ನಾನು ಆಕೆಯನ್ನು ಕೇಳಿದ್ದು ಅದೇ ಮೊದಲು ಇರಬೇಕು. ಏನೋ ದೊಡ್ಡದನ್ನು ಬೇಡುತ್ತಾಳೆ ಎಂದುಕೊಂಡಿದ್ದೆ. ಪುರಾಣ ಓದಿಸು ಅಂದಾಳು, ಸ್ವಾಮಿಗಳನ್ನು ಕರೆಸು ಅಂದಾಳು.

“ಮಗ್ಗಲಾ ಹೊಳ್ಳಿ ಮಲಗಬೇಕವಾ,” ಎಂದಳು. “ತಿಂಗಳಾತು, ಜಂತಿ ಎಣಿಸಿ ಎಣಿಸಿ ಸಾಕಾತು. ಇವನ್ನ ಬಿಚ್ಚಸು.”

ಇವನ್ನು ಬಿಚ್ಚಿದರೆ ನೀನು ಹೋಗಿಬಿಟ್ಟರೆ ಎಂದು ಕೇಳಲು ಬಾಯಿ ಬರಲಿಲ್ಲ. ಅದು ಆಕೆಗೂ ಗೊತ್ತಿತ್ತು. ನಾನು ಎದ್ದು ನೀರಿನ ಕೊಡ ತರುವ ತಳ್ಳುಗಾಡಿಯನ್ನು ಒರೆಸಿ ಅದರ ಮೇಲೆ ಕೌದಿ ಹಾಸಿದೆ. ಕಟ್ಟಿದವರು ಬರುವುದಿಲ್ಲ, ನಾವೇ ಅವರ ಮನೆಗೆ ಹೋಗಬೇಕು.

ಮರುದಿನ ಬೆಳಗಿನ ಬಿಸಿಲಿನಲ್ಲಿ ಹೊರಟೆವು. ಮೊದಲು ಎದುರುಮನೆಯ ದ್ಯಾಮವ್ವ. ಆಕೆಯದು ಹಸಿರು ಕುಪ್ಪಸದ ಬಟ್ಟೆಯ ಚೀಲ. ನಮ್ಮ ಖಾನಾವಳಿಯಲ್ಲಿ ರೊಟ್ಟಿಗೆ ಹಚ್ಚಿಕೊಳ್ಳಲು ಕೊಡುವ ಶೇಂಗಾ ಹಿಂಡಿ ಮಾಡುವ ಬಗೆಯನ್ನು ತನ್ನ ಸೊಸೆಗೆ ಕಲಿಸುವ ತನಕ ಇರಬೇಕೆಂದು ಕಟ್ಟಿದ್ದಳು. ಬಿಚ್ಚಲು ಬಂದಿದ್ದೇವೆ ಎಂದಾಗ ದ್ಯಾಮವ್ವ ಬಾಗಿಲ ಚೌಕಟ್ಟು ಹಿಡಿದು ನಿಂತುಬಿಟ್ಟಳು. ಮುರಿಗೆವ್ವ ಆಕೆಯನ್ನು ಹತ್ತಿರ ಕರೆದು, “ಬಳ್ಳೊಳ್ಳಿ ಸಿಪ್ಪಿ ಸಮೇತ ಹುರೀತೀನಿ. ಅಷ್ಟ ಗುಟ್ಟು. ಇನ್ನ ಬಿಚ್ಚು,” ಎಂದಳು. ಇಷ್ಟಕ್ಕೆ ಮೂವತ್ತು ವರ್ಷ ಕಾಡಿಸಿದೆಯಲ್ಲೇ ಎಂದು ದ್ಯಾಮವ್ವ ನಗುತ್ತ, ಅಳುತ್ತ ಗಂಟು ಬಿಚ್ಚಿದಳು.

ಮಠದ ಓಣಿಯ ಚಂದಮ್ಮ ಮಾತ್ರ ಹಟ ಹಿಡಿದಳು. ತಾನು ಬಿಚ್ಚಿದರೆ ಪ್ರಾಣ ತೆಗೆದ ಪಾಪ ತನ್ನ ತಲೆಯ ಮೇಲೆ ಬರುತ್ತದೆ ಎಂದಳು. “ನಿನ್ನ ತಲಿ ಮ್ಯಾಲ ಜಾಗಾ ಎಲ್ಲೈತಿ?” ಎಂದಳು ಮುರಿಗೆವ್ವ. “ಬುತ್ತಿಗಂಟು ಹೊತ್ತು ಹೊತ್ತು ಬೋಳಾಗೈತಿ. ಅಲ್ಲಿ ಪಾಪ ಕೂಡಾಕ ಹೋದ್ರ ಜಾರಿ ಬೀಳತೈತಿ.” ಓಣಿಯ ಹೆಂಗಸರೆಲ್ಲ ನಕ್ಕರು. ಹಗುರಾದವರ ಹತ್ತಿರ ನಗುವುದನ್ನು ನಮ್ಮ ಊರಿನಲ್ಲಿ ನಾನು ಅದುವರೆಗೆ ಕೇಳಿರಲಿಲ್ಲ. ಚಂದಮ್ಮ ಸಿಟ್ಟಿನಲ್ಲೇ ಬಿಚ್ಚಿದಳು, ಬಿಚ್ಚಿದ ಮೇಲೆ ಗಾಡಿಯ ಅಂಚಿಗೆ ಕೂತು ಮುರಿಗೆವ್ವನ ತಲೆಗೆ ಎಣ್ಣೆ ಒತ್ತಿ ಕಳಿಸಿದಳು.

ಬಡಿಗೇರ ಕಾಳಪ್ಪ ಹನ್ನೆರಡು ವರ್ಷದಿಂದ ನಮ್ಮ ಮನೆಯ ಊಟ ಬಿಟ್ಟಿದ್ದ. ಖಾನಾವಳಿಗೆ ಆತ ಮಾಡಿಕೊಟ್ಟ ಕದ ಒಂದು ಮಳೆಗಾಲದಲ್ಲೇ ಉಬ್ಬಿ ಮುಚ್ಚದಂತಾಗಿ, ಮುರಿಗೆವ್ವ ನಾಲ್ಕು ಜನರ ಮುಂದೆ ಆತನನ್ನು ಬೈದಿದ್ದಳು. ಚೀಲ ಕಟ್ಟಲು ಬಂದಾಗಲೂ, ಜಗಳ ಮುಗಿಯುವ ತನಕ ಇರು ಎಂದದ್ದು ಬಿಟ್ಟರೆ ಮಾತಾಡಿರಲಿಲ್ಲ. ಈಗ ನಮ್ಮನ್ನು ನೋಡಿ ಹೊರಗೆ ಬಂದ, ಆಕೆಯ ಮುಖ ನೋಡದೆ ಗಾಡಿಯ ಗಾಲಿ ನೋಡತೊಡಗಿದ. ಗಾಲಿಯನ್ನು ಮುಟ್ಟಿ ಮುಟ್ಟಿ ನೋಡಿ, ಆ ಕದದ ಕಟ್ಟಿಗೆ ಹಸಿಯಿತ್ತು, ತನಗೆ ಆಗಲೇ ಗೊತ್ತಿತ್ತು ಎಂದ.

“ನನಗೂ ಗೊತ್ತಿತ್ತೋ ಕಾಳಪ್ಪಾ,” ಎಂದಳು ಆಕೆ. “ಒಮ್ಮಿ ಬಂದು ಉಂಡು ಹೋಗಿದ್ರ ಮುಗೀತಿತ್ತು.”

ಆತ ಹಾಕಿದ್ದ ಗಂಟು ಭಾರಿ ಬಿಗಿ. ಬಿಚ್ಚಲು ಬಹಳ ಹೊತ್ತು ಹಿಡಿಯಿತು, ನಾವು ಯಾರೂ ಅವಸರ ಮಾಡಲಿಲ್ಲ.

ಹೀಗೆ ಹತ್ತು ಮನೆಗಳಾದವು. ಒಂದೊಂದು ಚೀಲ ಇಳಿದಂತೆ ಗಾಡಿ ತಳ್ಳುವುದು ಹಗುರಾಗುತ್ತ ಬಂತು. ಕೆಳಗಿನ ಓಣಿಗೆ ಇಳಿಯುವ ಮೆಟ್ಟಿಲುಗಳ ಹತ್ತಿರ ಗಾಡಿಯನ್ನು ಬಿಟ್ಟು, ಮುರಿಗೆವ್ವನನ್ನು ಎತ್ತಿ ಟೊಂಕದ ಮೇಲೆ ಕೂಡಿಸಿಕೊಂಡೆ. ಅರವತ್ತೆಂಟರ ಮುದುಕಿ ಎಪ್ಪತ್ತನಾಲ್ಕರ ಮುದುಕಿಯನ್ನು ಕೂಸಿನಂತೆ ಹೊತ್ತುಕೊಂಡು ಹೋಗುವುದನ್ನು ಜನ ನಿಂತು ನೋಡಿದರು. ನೆಟ್ಟಗೆ ನಡಿ, ಕೆಡವೀಯೆ ಎಂದು ಆಕೆ ದಾರಿಯುದ್ದಕ್ಕೂ ಬೈಯುತ್ತಿದ್ದಳು. ಕೆಡವಿದರೂ ನೀನು ಬೀಳುವವಳಲ್ಲ ಎಂದೆ. ಅದಕ್ಕೆ ಆಕೆ ನನ್ನ ಹೆಗಲಿಗೆ ಮುಖ ಹಚ್ಚಿ ನಕ್ಕದ್ದು ಇನ್ನೂ ನನ್ನ ಕುಪ್ಪಸದ ಮೇಲಿದೆಯೆನಿಸುತ್ತದೆ.

ಆ ನಗು ಮಗಳ ಮನೆಯ ಬಾಗಿಲಿಗೆ ನಿಂತಿತು. ಸುಲೋಚನಾ ನಮ್ಮ ಸುದ್ದಿಯನ್ನು ಮೊದಲೇ ಕೇಳಿ ಕಟ್ಟೆಯ ಮೇಲೆ ನಿಂತಿದ್ದಳು.

“ನಾ ಬಿಚ್ಚೂದಿಲ್ಲ,” ಎಂದಳು. “ಪಾರಿ ಹೆರಿಗಿ ಆಗೂಮಟ ನೀ ಇರಬೇಕು. ಅಷ್ಟ.”

ಮುರಿಗೆವ್ವ ತನಗೂ ಇರಬೇಕೆಂದೇ ಇದೆ ಎಂದಳು. ಮರಿಮಗುವಿನ ಮುಖ ನೋಡುವ ಆಸೆ ಯಾರಿಗಿರುವುದಿಲ್ಲ? ಆದರೆ ಮಲಗಿದಲ್ಲಿ ಹೊರಳಲು ಬಾರದೆ ಇರುವುದು ಬೇರೆ, ಇರುವುದು ಬೇರೆ ಎಂದಳು. ಮಗಳು ಕಿವಿಗೆ ಹಾಕಿಕೊಳ್ಳಲಿಲ್ಲ. ನನ್ನ ಕಡೆ ತಿರುಗಿದಳು.

“ಚಿಗವ್ವಾ, ಮಾಡಿ ಮಾಡಿ ನಿನಗ ಸಾಕಾಗಿರಬೇಕು. ಅದಕ್ಕ ಊರ ತುಂಬ ಹೊತಗೊಂಡು ಬಿಚ್ಚಸಾಕತ್ತೀ.”

ಸೀರೆಯ ಅಂಚಿನಲ್ಲಿ ನಾನು ಹೊಲಿದದ್ದನ್ನು ಹೇಳಿ ಬಾಯಿ ಮುಚ್ಚಿಸಬಹುದಾಗಿತ್ತು. ಹೇಳಲು ನಾಚಿಕೆಯಾಯಿತು. ಮುರಿಗೆವ್ವ ನನ್ನ ಕುತ್ತಿಗೆಯನ್ನು ಗಟ್ಟಿಯಾಗಿ ಹಿಡಿದುಕೊಂಡು, ಆಕೆಯನ್ನು ಬೈಯಬೇಡ, ಹೇಳಿದವಳು ನಾನು ಎಂದಳು. ಸುಲೋಚನಾ ಒಳಗೆ ಹೋಗಿ ಕದ ಹಾಕಿಕೊಂಡಳು. ಮಗಳ ಒಂದು ಚೀಲವನ್ನು ಹೊತ್ತುಕೊಂಡು ಹಿಂದಿರುಗಿದೆವು.

ಮನೆಗೆ ಬಂದು ಹೊರಸಿನ ಮೇಲೆ ಇಳಿಸಿದ ಮೇಲೆ ಸುಲೋಚನಾಳನ್ನು ಬಾಯಿ ತುಂಬ ಬೈದೆ. ಸ್ವಾರ್ಥಿ ಎಂದೆ. ಮುರಿಗೆವ್ವ ಕೇಳುವಷ್ಟು ಕೇಳಿ, ಸೀರೆಯ ಅಂಚನ್ನು ಬೆರಳಿನಲ್ಲಿ ಹಿಡಿದು, “ಇದು ಯಾರ್ದು?” ಎಂದಳು.

ಹೊಲಿದ ದಿನವೇ ಆಕೆಗೆ ಗೊತ್ತಾಗಿತ್ತಂತೆ. ಇಷ್ಟು ಸಣ್ಣ ಹೊಲಿಗೆ ಈ ಮನೆಯಲ್ಲಿ ಇನ್ನಾರು ಹಾಕುತ್ತಾರೆ ಎಂದಳು.

“ಕಟ್ಟೂ ಮುಂದ ಕಾರಣಾ ಹೇಳಬೇಕು, ಸಾತೀ. ಹೇಳಿಲ್ಲ ನೀ.”

“ನೀ ಹೋದ ಮ್ಯಾಲ ಒಲಿ ಮುಂದ ಒಬ್ಬಾಕೀನ ಹೆಂಗ ಕೂಡ್ಲಿ?” ಎಂದೆ. ಅಷ್ಟೇ ನನ್ನ ಕಾರಣ. ಹೇಳಿದ ಮೇಲೆ ಅದು ಅಂಥ ನಾಚಿಕೆಯ ಮಾತಾಗಿ ಕಾಣಲಿಲ್ಲ.

ಆಕೆ ನನ್ನ ತಲೆಯ ಮೇಲೆ ಕೈ ಇಟ್ಟಳು. ಆ ಕೈಗೆ ಎಲೆಯಷ್ಟೂ ತೂಕವಿರಲಿಲ್ಲ. ನಾನು ಸೂಜಿ ತಂದು ಹೊಲಿಗೆ ಬಿಚ್ಚತೊಡಗಿದೆ. ಜೋಳ ಒಂದೊಂದೇ ಕಾಳಾಗಿ ನೆಲಕ್ಕೆ ಉದುರಿತು. ಹಾಗೆ ಬಿಚ್ಚುತ್ತಿರುವಾಗಲೇ ಆಕೆ ಆ ಅಂಜಿಕೆಯ ಮಾತನ್ನು ಮತ್ತೆ ಎತ್ತಿದಳು.

“ಅಲ್ಲಿ ಯಾರೂ ಇರದಿದ್ರ?”

ನನ್ನ ನಾಲಿಗೆಯ ತುದಿಯಲ್ಲಿ ಉತ್ತರ ಸಿದ್ಧವಾಗಿತ್ತು. ಹುಟ್ಟಿದಾಗಿನಿಂದ ಕೇಳಿದ್ದು, ನಂಬಿದ್ದು. ಆದರೆ ಹೊರಳಲು ಹೋಗಿ ಮತ್ತೆ ಬಿದ್ದ ಆ ಭುಜ ನೆನಪಾಯಿತು. ಉತ್ತರವನ್ನು ನುಂಗಿಕೊಂಡು, ಯಾವಾಗಿನಿಂದ ಹೀಗೆ ಅನಿಸುತ್ತದೆ ಎಂದು ಕೇಳಿದೆ.

ಆಕೆ ದೀಪ ಹಚ್ಚುವ ಹೊತ್ತಿನ ತನಕ ಮಾತಾಡಿದಳು. ದೇವರಿಲ್ಲವೆಂದು ಆಕೆ ಅನ್ನಲಿಲ್ಲ. ಕೈಯಲ್ಲಿ ಲಿಂಗ ಹಿಡಿದು ಕೂತಾಗಲೂ ಮನಸ್ಸು ಒಲೆಯ ಮೇಲಿನ ಬೇಳೆಯ ಕಡೆಗೇ ಇರುತ್ತಿತ್ತಂತೆ, ಅಂಥವಳ ಗುರುತು ಆತನಿಗೆ ಇದ್ದೀತೇ ಎಂಬ ಸಂಶಯ. ಗಂಡ ಹೋಗುವಾಗ ಆಕೆಯ ತಲೆಯಲ್ಲಿ ಒಂದು ಬಿಳಿಕೂದಲಿರಲಿಲ್ಲ, ಈ ಮುದುಕಿಯನ್ನು ಅವನು ಗುರುತಿಸದಿದ್ದರೆ ಎಂಬ ಚಿಂತೆ. ಬಾಣಂತನ ಮುಗಿಸಿ ಬಂದಮೇಲೆ ಈ ಮನೆ ಬಿಟ್ಟು ಒಂದು ರಾತ್ರಿಯೂ ಬೇರೆ ಕಡೆ ಮಲಗಿದವಳಲ್ಲ, ಗೊತ್ತಿಲ್ಲದ ಊರಿಗೆ ಒಬ್ಬಳೇ ಹೋಗಿ ಇಳಿದ ಹಾಗೆ ಎಂದಳು. ನಾನು ಯಾವುದಕ್ಕೂ ಸಮಾಧಾನ ಹೇಳಲಿಲ್ಲ. ನಡುವೆ ಒಮ್ಮೆ ನನಗೂ ಅಂಜಿಕೆಯಿದೆ ಎಂದೆ, ಅಷ್ಟೆ.

“ಹಂಗಾರ ಇಷ್ಟ ದಿನ ಪೂಜಾ ಮಾಡಿದ್ದು ಇಬ್ಬರು ಅಂಜಬುರಕ್ಯಾರು,” ಎಂದು ನಕ್ಕಳು. ಆ ದಿನ ಎರಡು ತುತ್ತು ಹೆಚ್ಚು ಉಂಡಳು.

ಮೂರನೆಯ ದಿನ ಸುಲೋಚನಾ ಬಂದಳು. ಮುಖ ಬಾತಿತ್ತು. ಬಾಗಿಲಲ್ಲೇ ನಿಂತು ನನಗೆ ಹೇಳಿದಳು. ಹನ್ನೊಂದು ಚೀಲಗಳಿಗೆ ಜೋಳ ತುಂಬಿ ತನ್ನ ನಡುವಿಗೆ ಕಟ್ಟಿಕೊಂಡು ಮಲಗಿ ನೋಡಿದಳಂತೆ. “ಒಂದ ತಾಸು ತಡಿಯಾಕ ಆಗಲಿಲ್ಲ, ಚಿಗವ್ವಾ. ನಾ ಗಟ್ಟಿ ಅದೀನಿ, ನನಗ ಆಗಲಿಲ್ಲ.” ಒಳಗೆ ಹೋಗಿ ತಾಯಿಯ ನಡುಪಟ್ಟಿಯಿಂದ ಚೀಲ ಬಿಚ್ಚಿ ಕೆಳಗಿಟ್ಟಳು. ಇಟ್ಟವಳು ತಾಯಿಯ ಮೂಗಿನ ಹತ್ತಿರ ಬೆರಳು ಹಿಡಿದಳು.

ಮುರಿಗೆವ್ವ ಆ ಬೆರಳನ್ನು ಸರಿಸಿ, ಮಗಳ ಕಡೆ ಮಗ್ಗುಲಾಗಿ ಹೊರಳಿ, ಕೈಯನ್ನು ಕೆನ್ನೆಯ ಕೆಳಗಿಟ್ಟುಕೊಂಡು ನಿದ್ದೆ ಹೋದಳು.

ಆಮೇಲೆ ಇಪ್ಪತ್ತಮೂರು ದಿನ ಇದ್ದಳು. ಭಾರ ಹೋದರೆ ಉಸಿರು ಹೋಗುತ್ತದೆ ಎಂದವರು ಬಂದು ಬಂದು ನೋಡಿದರು. ಬಿಸಿಲು ಇಳಿದ ಮೇಲೆ ಆಕೆಯನ್ನು ಅಂಗಳದಲ್ಲಿ ಕೂಡಿಸುತ್ತಿದ್ದೆವು, ಹೋಗಿಬರುವವರು ನಿಂತು ಮಾತಾಡುತ್ತಿದ್ದರು. ಕಾಳಪ್ಪ ಊಟಕ್ಕೆ ಬರತೊಡಗಿದ, ಮೊದಲ ದಿನವೇ ನನ್ನ ರೊಟ್ಟಿಯನ್ನು ಹಳಿದ. ಸುಲೋಚನಾ ದಿನಾ ಬಂದಳು. ಕೆಲವು ದಿನ ತಾಯಿಗೆ ಮಾತು ಬೇಕಿರುತ್ತಿತ್ತು, ಕೆಲವು ದಿನ ಬೇಡವಾಗಿರುತ್ತಿತ್ತು. ಕೇಳಿದರೆ ಹೇಳುತ್ತಿದ್ದಳು. ಒಂದು ದಿನ ಸಿಟ್ಟು ಮಾಡಿದಳು, ಒಂದು ದಿನ ಸುಮ್ಮನೆ ಅತ್ತಳು. ಅಂಜಿಕೆ ಪೂರ್ತಿ ಹೋಯಿತೆಂದು ನಾನು ಹೇಳಲಾರೆ. ಅಂಜಿಕೆ ಬಂದಾಗ ಹೇಳಲು ಜನರಿದ್ದರು.

ಆಷಾಢದ ಒಂದು ಬೆಳಿಗ್ಗೆ ಸ್ನಾನ ಮಾಡಿಸಿ ವಿಭೂತಿ ಹಚ್ಚಿದ್ದೆವು. ಗಾಳಿ ಜೋರಾಗಿತ್ತು. ಕದ ಮುಚ್ಚಲೇ ಎಂದು ಸುಲೋಚನಾ ಕೇಳಿದಳು. ಬೇಡವೆಂದು ಮುರಿಗೆವ್ವ ತಲೆಯಾಡಿಸಿದಳು. ಗಾಳಿ ಒಳಗೆ ಬಂದಾಗ ಆಕೆ ಹಾಸಿಗೆ ಬಿಟ್ಟು ಮೊಳದಷ್ಟು ಮೇಲೆದ್ದಳು. ಬಲಗೈ ನಾನು ಹಿಡಿದೆ, ಎಡಗೈ ಮಗಳು.

“ಬಿಡಬ್ಯಾಡ್ರಿ,” ಎಂದಳು. “ಮಾತೂ ಆಡಬ್ಯಾಡ್ರಿ. ಕೂತಿರ್ರಿ.”

ಕೂತಿದ್ದೆವು. ಉಸಿರು ದೂರ ದೂರವಾಯಿತು. ಇನ್ನೊಂದು ಬರುತ್ತದೆಂದು ಕಾದೆವು, ಬರಲಿಲ್ಲ. ಆಗ ನಮ್ಮ ಊರಿನಲ್ಲಿ ಯಾರೂ ಕಂಡಿರದ ಒಂದನ್ನು ನಾವಿಬ್ಬರು ಕಂಡೆವು. ಚೀಲಗಳ ಕೆಳಗೆ ಹೋದವರಲ್ಲಿ ಅದು ಗೊತ್ತಾಗುವಂತೆಯೇ ಇರಲಿಲ್ಲ. ಆಕೆ ಮೆಲ್ಲಗೆ ಇಳಿದಳು, ಇಳಿದಂತೆ ತೂಕ ಮರಳಿ ಬಂತು. ಹೊರಸು ಕಿರುಗುಟ್ಟಿತು. ಕೈ ನನ್ನ ಕೈಯಲ್ಲಿ ಭಾರವಾಯಿತು. ಎಲ್ಲಿಗೋ ಒಯ್ದಿಟ್ಟಿದ್ದನ್ನು ಯಾರೋ ಪೂರ್ತಿಯಾಗಿ ತಂದು ಒಪ್ಪಿಸಿದ ಹಾಗಿತ್ತು. ಆಕೆಯನ್ನು ಎತ್ತಿ ಒಯ್ಯಲು ನಾಲ್ಕು ಜನ ಬೇಕಾದರು.

ನಮ್ಮ ಊರಿನವರು ಈಗಲೂ ಚೀಲ ಹೊಲಿಯುತ್ತಾರೆ. ಆದರೆ ಕಟ್ಟುವ ಮೊದಲು ಹೊರಸಿನ ಹತ್ತಿರ ಕೂತು ಕೇಳುತ್ತಾರೆ. ಕಟ್ಟಿರಿ ಅನ್ನುವವರೂ ಇದ್ದಾರೆ, ಅವರಿಗೆ ಕಟ್ಟುತ್ತಾರೆ. ನನ್ನನ್ನೂ ಕೆಲವರು ಕರೆಯುತ್ತಾರೆ. ಹೋಗಿ ಕೂತು ಬರುತ್ತೇನೆ.

ಬೆಳಿಗ್ಗೆ ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡಾಗ ನನ್ನ ಮನಸ್ಸೂ ಈಗ ಒಲೆಯ ಕಡೆಗೇ ಹೋಗುತ್ತದೆ, ಒಬ್ಬಳೇ ಆಗಿದ್ದೇನಲ್ಲ. ಹೋದ ಮನಸ್ಸನ್ನು ಎಳೆದು ತಂದು ಒಂದೇ ಬೇಡಿಕೊಳ್ಳುತ್ತೇನೆ. ಆಕೆಗೆ ಊರು ಹೊಸದು, ಸ್ವಾಮಿ, ಮೊದಲ ದಿನಗಳಲ್ಲಿ ಹೆಚ್ಚು ಮಾತಾಡಲಿಕ್ಕಿಲ್ಲ, ಹತ್ತಿರ ಕೂತು, ಏನು ಬೇಕೆಂದು ಕೇಳು. ಆತ ಕೂತಿದ್ದಾನೆಂದೇ ನಾನು ನಂಬಿದ್ದೇನೆ.